ಒಗ್ಗರಣೆ ಸೌಟು ಇಂಡಕ್ಷನ್ ಮೇಲೆ ಕೂರುವುದಿಲ್ಲ

ಹೊಸ ಮನೆಗೆ ಹೋಗುವವರು, ಮಗಳನ್ನು ಪಿಜಿಯಿಂದ ಬಾಡಿಗೆ ಮನೆಗೆ ಸೇರಿಸುವವರು, ಸಿಲಿಂಡರ್ ಬುಕ್ ಮಾಡಿ ಕಾದು ಬೇಸತ್ತವರು ಎಲ್ಲರದೂ ಒಂದೇ ಪ್ರಶ್ನೆ: ಗ್ಯಾಸೋ, ಕರೆಂಟೋ? ಇದಕ್ಕೆ ಉತ್ತರಿಸುವ ಮೊದಲು ಒಂದು ಮರುಪ್ರಶ್ನೆ ಹಾಕಬೇಕು. ನಿಮ್ಮ ಒಲೆಯ ಮೇಲೆ ದಿನಕ್ಕೆ ಎಷ್ಟು ಹೊತ್ತು ನೀರು ಕುದಿಯುತ್ತದೆ, ಎಷ್ಟು ಹೊತ್ತು ನಿಜವಾಗಿ ಉರಿ ಬೇಕಾಗುತ್ತದೆ?

ಅನ್ನ, ಬೇಳೆ, ಇಡ್ಲಿ, ಹುರುಳಿಕಟ್ಟಿನ ಸಾರು, ಡಿಕಾಕ್ಷನ್ ನೀರು, ಮಗುವಿನ ಗಂಜಿ ಎಲ್ಲವೂ ಕೊನೆಗೆ ನೀರು ಕಾಯಿಸುವ ಕೆಲಸವೇ. ತೆರೆದ ಪಾತ್ರೆಯಲ್ಲಿ ನೀರು ನೂರು ಡಿಗ್ರಿ ದಾಟುವುದಿಲ್ಲ. ಕುಕ್ಕರಿನೊಳಗೆ ನೂರಿಪ್ಪತ್ತರ ಹತ್ತಿರ ಹೋಗುತ್ತದೆ, ಅಷ್ಟೆ. ಬೇಳೆಗೆ ತಾನು ಯಾವ ಒಲೆಯ ಮೇಲೆ ಬೆಂದೆ ಅಂತ ಗೊತ್ತಾಗುವುದಿಲ್ಲ. ಆದರೆ ಸುಟ್ಟ ಬದನೆಕಾಯಿ, ಕೆಂಡದ ಕಲೆ ಬೀಳಬೇಕಾದ ಹಪ್ಪಳ, ಉಬ್ಬಬೇಕಾದ ರೊಟ್ಟಿ, ಸೌಟಿನಲ್ಲೇ ಸಿಡಿಯಬೇಕಾದ ಸಾಸಿವೆ, ಇವಕ್ಕೆ ಒಲೆ ಯಾವುದು ಅನ್ನುವುದು ಚೆನ್ನಾಗಿಯೇ ಗೊತ್ತಾಗುತ್ತದೆ. ಹಾಗಾಗಿ ಗ್ಯಾಸ್ ಬಿಟ್ಟು ಕರೆಂಟಿಗೆ ಹೋಗಬೇಕೇ ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ, ಯಾವ ಕೆಲಸ ಯಾವ ಒಲೆಗೆ ಎಂದು ಹಂಚಿಕೊಳ್ಳುವುದು ಲೇಸು. ಹಂಚುವ ಮೊದಲು ನೋಡಬೇಕಾದದ್ದು ಅಂಗಡಿಯ ಶೆಲ್ಫಿನಲ್ಲಿಲ್ಲ. ನಿಮ್ಮ ಗೋಡೆಯ ಸಾಕೆಟ್ಟಿನಲ್ಲಿದೆ, ಕರೆಂಟ್ ಬಿಲ್ಲಿನಲ್ಲಿದೆ, ಪಾತ್ರೆಗಳ ತಳದಲ್ಲಿದೆ.

ದುಡ್ಡಿನ ಲೆಕ್ಕ ಮೊದಲೇ ಮುಗಿಸೋಣ. ಇದರಲ್ಲಿ ಎರಡೂ ಕಡೆಯವರು ಉತ್ಪ್ರೇಕ್ಷೆ ಮಾಡುತ್ತಾರೆ. ಒಂದು ಕೆ.ಜಿ. ಎಲ್‌ಪಿಜಿಯಲ್ಲಿ ಸುಮಾರು 12.7 ಯೂನಿಟ್ ಕರೆಂಟಿನಷ್ಟು ಶಾಖವಿದೆ. 14.2 ಕೆ.ಜಿ. ಸಿಲಿಂಡರಿನಲ್ಲಿ ಹತ್ತಿರಹತ್ತಿರ 180 ಯೂನಿಟ್. ಐಎಸ್‌ಐ ಗುರುತಿನ ಒಲೆಗೆ ಪರೀಕ್ಷೆಯಲ್ಲಿ ಕನಿಷ್ಠ ಶೇ 68ರ ದಕ್ಷತೆ ಇರಬೇಕು ಅನ್ನುವುದು ನಿಯಮ. ಮನೆಯಲ್ಲಿ ಪಾತ್ರೆ ಚಿಕ್ಕದು, ಉರಿ ದೊಡ್ಡದು, ಬರ್ನರ್ ಅರ್ಧ ಕಟ್ಟಿರುತ್ತದೆ. ಶೇ 60 ಸಿಕ್ಕರೆ ಪುಣ್ಯ. ಅಂದರೆ ಪಾತ್ರೆಗೆ ಇಳಿಯುವುದು 108 ಯೂನಿಟ್. ಮಿಕ್ಕದ್ದು ಪಾತ್ರೆಯ ಪಕ್ಕದಿಂದ ಹಾದು ಅಡುಗೆಮನೆಯನ್ನೂ ನಿಮ್ಮ ಮುಖವನ್ನೂ ಬಿಸಿ ಮಾಡುತ್ತದೆ. ಇಂಡಕ್ಷನ್‌ನಲ್ಲಿ ಶೇ 80ರಿಂದ 85 ಪಾತ್ರೆಗೆ ಹೋಗುತ್ತದೆ. 82 ಅಂತ ಹಿಡಿದರೆ ಅದೇ 108 ಯೂನಿಟ್ ಶಾಖಕ್ಕೆ ಮೀಟರ್‌ನಲ್ಲಿ ಓಡುವುದು 132 ಯೂನಿಟ್.

ಈ 132 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ. ನಿಮ್ಮ ಊರಿನ ಸಿಲಿಂಡರ್ ಬೆಲೆಯನ್ನು 132ರಿಂದ ಭಾಗಿಸಿದರೆ ಬರುವುದೇ ಸಮಬಲದ ದರ. ಯೂನಿಟ್ ಅದಕ್ಕಿಂತ ಅಗ್ಗವಾದರೆ ಇಂಡಕ್ಷನ್ ಲಾಭ, ದುಬಾರಿಯಾದರೆ ಗ್ಯಾಸ್ ಲಾಭ. 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿದ ಮೇಲೆ ಬೆಂಗಳೂರಿನಲ್ಲಿ ಸಿಲಿಂಡರ್ 855 ರೂಪಾಯಿ ಆಸುಪಾಸಿಗೆ ಬಂತು. 132ರಿಂದ ಭಾಗಿಸಿದರೆ ಆರೂವರೆ ರೂಪಾಯಿ. 2025-26ರಲ್ಲಿ ಗೃಹಬಳಕೆಯ ವಿದ್ಯುತ್ ದರ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು. ಸರ್‌ಚಾರ್ಜು, ತೆರಿಗೆ ಸೇರಿಸಿದರೆ ಆರೂವರೆಯಿಂದ ಏಳರ ನಡುವೆ ನಿಲ್ಲುತ್ತಿತ್ತು. ಆ ದರಗಳಲ್ಲಿ ಎರಡೂ ಬಹುತೇಕ ಒಂದೇ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಸಲು ಗ್ಯಾಸಿನಲ್ಲಿ 11–12 ಗ್ರಾಂ ಬೇಕು, ಎಪ್ಪತ್ತು ಪೈಸೆ. ಇಂಡಕ್ಷನ್‌ನಲ್ಲೂ ಎಪ್ಪತ್ತು ಪೈಸೆಯೇ. ಉಜ್ವಲಾದಲ್ಲಿ ಸಿಲಿಂಡರಿಗೆ 300 ರೂಪಾಯಿ ಸಬ್ಸಿಡಿ ಸಿಗುವ ಮನೆಗಾದರೆ ಸಮಬಲ ದರ ನಾಲ್ಕು ರೂಪಾಯಿ ಚಿಲ್ಲರೆಗೆ ಇಳಿಯುತ್ತದೆ. ಅಲ್ಲಿ ದುಡ್ಡು ಕೊಟ್ಟು ತೆಗೆದುಕೊಳ್ಳುವ ಕರೆಂಟಿನಲ್ಲಿ ಅಡುಗೆ ಮಾಡುವುದು ನಷ್ಟವೇ.

ಆದರೆ ಕರ್ನಾಟಕದಲ್ಲಿ ಈ ಲೆಕ್ಕವನ್ನು ತಲೆಕೆಳಗು ಮಾಡುವುದು ಗೃಹಜ್ಯೋತಿ. 2022-23ರ ನಿಮ್ಮ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಅಷ್ಟು ಯೂನಿಟ್ ಉಚಿತ. ಅದನ್ನು ದಾಟಿದರೂ 200ರೊಳಗಿದ್ದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ಈಗ ಸಿಲಿಂಡರ್ 40 ದಿನ ಬರುವ ಒಂದು ಮನೆ ತೆಗೆದುಕೊಳ್ಳಿ. ಅಡುಗೆಯ ಅರ್ಧ ಕೆಲಸ ಇಂಡಕ್ಷನ್ನಿಗೆ ಹೋದರೆ ತಿಂಗಳಿಗೆ ಸುಮಾರು 50 ಯೂನಿಟ್ ಏರುತ್ತದೆ. ಆ ಮನೆ ಈಗ 100 ಯೂನಿಟ್ ಬಳಸುತ್ತಿದ್ದು ಅರ್ಹತೆ 121 ಇದ್ದರೆ, 29 ಯೂನಿಟ್‌ಗೆ ಮಾತ್ರ ದುಡ್ಡು. 21 ಯೂನಿಟ್ ಪುಕ್ಕಟೆ ಅಡುಗೆ. ಅದೇ, ಈಗಾಗಲೇ 160 ಬಳಸುವ ಮನೆ 210ಕ್ಕೆ ಹೋದರೆ, ಸೊನ್ನೆ ಅಥವಾ ಅದರ ಹತ್ತಿರ ಇದ್ದ ಬಿಲ್ ನಿಗದಿತ ಶುಲ್ಕವೂ ಸೇರಿ ಒಂದೂವರೆ ಸಾವಿರ ದಾಟುತ್ತದೆ. ಆ ತಿಂಗಳು ಉಳಿದ ಗ್ಯಾಸಿನ ಬೆಲೆ ಮುನ್ನೂರು ಚಿಲ್ಲರೆ. ಇಂಡಕ್ಷನ್ ಕೊಂಡು ಕೈಸುಟ್ಟುಕೊಳ್ಳುವುದು ಅಂದರೆ ಇದೇ. ಆದ್ದರಿಂದ ಹಿಂದಿನ ಹನ್ನೆರಡು ಬಿಲ್ಲು ತೆಗೆದು, ಅತಿ ಹೆಚ್ಚು ಬಂದ ತಿಂಗಳಿಗೆ 50 ಕೂಡಿಸಿ ನೋಡಿ. ಗೀಸರ್ ಓಡುವ ಡಿಸೆಂಬರ್, ಫ್ಯಾನ್ ನಿಲ್ಲದ ಏಪ್ರಿಲ್ ಎರಡನ್ನೂ ಬಿಡಬೇಡಿ.

ಬಿಲ್ಲು ಕೈಯಲ್ಲಿರುವಾಗಲೇ ಮಂಜೂರಾದ ಲೋಡ್ ಎಷ್ಟು ಎಂದೂ ಓದಿಬಿಡಿ. ಒಂದು ಕಿಲೋವ್ಯಾಟ್ ಮಂಜೂರಾಗಿರುವ ಹಳೆಯ ಮನೆಗಳು ಬೇಕಾದಷ್ಟಿವೆ. 1800 ವ್ಯಾಟಿನ ಇಂಡಕ್ಷನ್ ಒಂದೇ ಅದನ್ನು ಮೀರುತ್ತದೆ. ಬೆಳಗ್ಗೆ ಏಳು ಗಂಟೆಗೆ ಅದರ ಜೊತೆ ಗೀಸರೂ ಓಡಿದರೆ 17ರಿಂದ 20 ಆಂಪಿಯರ್. ಮುಖ್ಯ ಎಂಸಿಬಿ, ಅಂದರೆ ಹೊರೆ ಮೀರಿದರೆ ತಾನೇ ಆರುವ ಸ್ವಿಚ್, 16ರದ್ದಾಗಿದ್ದರೆ ಬೀಳಬಹುದು. ಎಂಸಿಬಿ ಬೀಳುತ್ತದೆ ಅಂತ ದೊಡ್ಡದು ಹಾಕಿಸುವವರಿದ್ದಾರೆ. ಒಳಗಿನ ತಂತಿ ಬದಲಿಸದೆ ಹಾಗೆ ಮಾಡುವುದು ಕುಕ್ಕರಿನ ಸೇಫ್ಟಿ ವಾಲ್ವಿಗೆ ಮೊಳೆ ಹೊಡೆದ ಹಾಗೆ.

ಇನ್ನು ಸಾಕೆಟ್. ಅಡುಗೆಮನೆಯಲ್ಲಿ ಮಿಕ್ಸಿಗೆಂದು ಹಾಕಿಸಿದ ಸಣ್ಣ ಸಾಕೆಟ್ 6 ಆಂಪಿಯರಿನದು. ಇಂಡಕ್ಷನ್ ಪೂರ್ಣ ಶಕ್ತಿಯಲ್ಲಿ ಎಳೆಯುವುದು ಎಂಟು. ಅದಕ್ಕೆ ಬೇಕಾದ್ದು ದೊಡ್ಡ ಮೂರು ಪಿನ್ನಿನ 16 ಆಂಪಿಯರ್ ಸಾಕೆಟ್, ಹಿಂದೆ ಕನಿಷ್ಠ 2.5 ಚದರ ಮಿ.ಮೀ. ತಾಮ್ರದ ತಂತಿ, ಕೆಲಸ ಮಾಡುವ ಅರ್ಥಿಂಗ್, ಸಾಧ್ಯವಾದರೆ ಕರೆಂಟ್ ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ದೊಡ್ಡ ಪಿನ್ನನ್ನು ಸಣ್ಣದಕ್ಕೆ ಹೊಂದಿಸುವ ಕನ್ವರ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳಬೇಡಿ. ಸಮಸ್ಯೆ ತಂತಿಯಲ್ಲಿ ಶುರುವಾಗುವುದಿಲ್ಲ, ಪಿನ್ನು ಸಾಕೆಟ್ಟಿಗೆ ತಾಗುವ ಜಾಗದಲ್ಲಿ ಶುರುವಾಗುತ್ತದೆ. ಸಡಿಲವಾದ ಆ ಜಾಗದಲ್ಲಿ ಬರೀ 0.1 ಓಮ್ ಪ್ರತಿರೋಧ ಇದ್ದರೂ ಎಂಟು ಆಂಪಿಯರ್ ಹರಿಯುವಾಗ ಅಲ್ಲಿ ಆರು ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ, ಅದೂ ಬೆಂಕಿಕಡ್ಡಿಯ ತಲೆಯಷ್ಟು ಜಾಗದಲ್ಲಿ. ಹಿತ್ತಾಳೆ ಕಪ್ಪಾಗುತ್ತದೆ, ಕಪ್ಪಾದಷ್ಟೂ ಪ್ರತಿರೋಧ ಏರುತ್ತದೆ, ಪ್ರತಿರೋಧ ಏರಿದಷ್ಟೂ ಇನ್ನೂ ಬಿಸಿ. ಅರ್ಧ ಗಂಟೆ ಅಡುಗೆಯಾದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪ್ಲಾಸ್ಟಿಕ್ ಭಾಗವನ್ನು ಕೈಯಲ್ಲಿ ಹಿಡಿದು ನೋಡಿ. ಬೆಚ್ಚಗಿದ್ದರೆ ಸರಿ; ಹಿಡಿಯಲಾಗದಷ್ಟು ಸುಡುತ್ತಿದ್ದರೆ, ಮೀನಿನಂಥ ವಾಸನೆ ಬಂದರೆ, ಪಿನ್ನಿನ ಸುತ್ತ ಕಂದು ಬಣ್ಣ ತಿರುಗಿದ್ದರೆ ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ವಿಷಯ ಹೇಳುವುದೇ ಬೇಡ.

ಕರೆಂಟ್ ಒಲೆ ಅಂದರೆ ಒಂದೇ ಜಾತಿಯಲ್ಲ. ಸ್ಪ್ರಿಂಗಿನಂಥ ತಂತಿ ಕೆಂಪಗೆ ಕಾಯುವ ಹಾಟ್‌ಪ್ಲೇಟ್ ಅಗ್ಗ, ನಿಧಾನ, ಹಾಲು ಉಕ್ಕಿ ಬಿದ್ದರೆ ಶಾಕ್ ಹೊಡೆಯುವ ಸಾಧ್ಯತೆ ಇರುವಂಥದ್ದು. ಹಾಸ್ಟೆಲ್ ಕೋಣೆಗಳಿಂದಲೂ ಅದು ಹೋಗಲಿ. ಇನ್‌ಫ್ರಾರೆಡ್ ಒಲೆಯಲ್ಲಿ ಗಾಜಿನ ಕೆಳಗಿನ ತಂತಿ ಕಾದು, ಗಾಜು ಕಾದು, ಆಮೇಲೆ ಪಾತ್ರೆ ಕಾಯುತ್ತದೆ. ಅಲ್ಯೂಮಿನಿಯಂ, ಹಿತ್ತಾಳೆ, ಮಣ್ಣಿನ ಮಡಕೆ ಏನಿಟ್ಟರೂ ನಡೆಯುತ್ತದೆ, ಬದಲಿಗೆ ಇಂಡಕ್ಷನ್ನಿನ ದಕ್ಷತೆ ಸಿಗುವುದಿಲ್ಲ. ಆರಿಸಿದ ಮೇಲೂ ಗಾಜು ಹತ್ತು ನಿಮಿಷ ಕೈ ಸುಡುತ್ತದೆ. ವಿದೇಶದ ಬಾಡಿಗೆ ಮನೆಗಳಲ್ಲಿ ನಮ್ಮವರಿಗೆ ಸಿಗುವ ಸಿರಾಮಿಕ್ ಹಾಬ್ ಬಹಳ ಸಲ ಇದೇ ಜಾತಿಯದು. ಅಲ್ಲಿ ಅನ್ನಕ್ಕೆ ನೀರು ಇಂಗುವ ನಾಲ್ಕು ನಿಮಿಷ ಮೊದಲೇ ಆರಿಸುವುದು, ಹಾಲು ಏಳುತ್ತಿದ್ದಂತೆ ಗುಂಡಿ ತಿರುಗಿಸದೆ ಪಾತ್ರೆಯನ್ನೇ ಪಕ್ಕಕ್ಕೆ ಎತ್ತುವುದು ರೂಢಿಯಾಗಬೇಕು.

ಇಂಡಕ್ಷನ್ನಿನ ಕೆಲಸವೇ ಬೇರೆ. ಗಾಜಿನ ಕೆಳಗೆ ತಾಮ್ರದ ಸುರುಳಿ. ಅದರಲ್ಲಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಆವರ್ತನದ ಕರೆಂಟ್ ಹರಿಯುತ್ತದೆ. ಅದು ಪಾತ್ರೆಯ ಕಬ್ಬಿಣದ ತಳದಲ್ಲಿ ಸುಳಿಗಳಂತೆ ಇನ್ನೊಂದು ಕರೆಂಟನ್ನು ಹುಟ್ಟಿಸುತ್ತದೆ, ಆ ಸುಳಿಯೇ ಶಾಖವಾಗುತ್ತದೆ. ಒಲೆ ಕಾಯುವುದಿಲ್ಲ, ಪಾತ್ರೆಯ ತಳವೇ ಒಲೆ. ಅದಕ್ಕೇ ಪಾತ್ರೆಯದ್ದೇ ಇಲ್ಲಿ ಕಾರುಬಾರು. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ತಂದು ನಿಮ್ಮ ಪಾತ್ರೆಗಳ ತಳಕ್ಕೆ ಹಿಡಿದು ನೋಡಿ. ಪಕ್ಕಕ್ಕೆ ಹಿಡಿದರೆ ಪ್ರಯೋಜನವಿಲ್ಲ, ತಳಕ್ಕೇ ಹಿಡಿಯಬೇಕು. ಗಟ್ಟಿಯಾಗಿ ಕಚ್ಚಿದರೆ ಆಯಿತು. ಮೆಲ್ಲಗೆ ತಾಗಿ ಜಾರಿದರೆ ಆ ಪಾತ್ರೆ ಕಾಯುತ್ತದೆ, ಆದರೆ ಮುಲುಗುಟ್ಟುತ್ತಾ ಅರ್ಧ ಶಕ್ತಿಯಲ್ಲಿ. ಮದುವೆಯಲ್ಲಿ ಕೊಟ್ಟ ಹೊಳೆಯುವ ಒಳ್ಳೆಯ ಸ್ಟೀಲ್ ಪಾತ್ರೆಗಳೇ ಎಷ್ಟೋ ಸಲ ಫೇಲಾಗುತ್ತವೆ. 18/8 ಜಾತಿಯ ಸ್ಟೀಲಿಗೆ ಅಯಸ್ಕಾಂತ ಹತ್ತುವುದಿಲ್ಲ. ಅಲ್ಯೂಮಿನಿಯಂ ಕುಕ್ಕರ್, ಹಿತ್ತಾಳೆ ಚರಿಗೆ, ಕಂಚಿನ ಬೋಗುಣಿ, ಕಲ್ಲು ಮರಿಗೆ, ಮೀನು ಸಾರಿನ ಮಣ್ಣಿನ ಮಡಕೆ ಯಾವುದೂ ಆಗದು. ನಡುವೆ ಇಡುವ ಕಬ್ಬಿಣದ ತಟ್ಟೆಯನ್ನು ಮಾರುತ್ತಾರೆ. ಅದನ್ನಿಟ್ಟರೆ ಇಂಡಕ್ಷನ್ ಹಾಟ್‌ಪ್ಲೇಟ್ ಆಗಿಬಿಡುತ್ತದೆ: ತಟ್ಟೆ ಕಾದು ಕೆಳಗಿನ ಸೆನ್ಸರ್ ಹೆದರಿ ಪದೇಪದೇ ಆಫ್ ಆಗುತ್ತದೆ.

ಕುಕ್ಕರ್ ಹೊಸದು ಕೊಳ್ಳಬೇಕಾದರೆ ಪೂರ್ತಿ ಸ್ಟೀಲಿನ, ಎರಡು ಪದರದ ನಡುವೆ ಅಲ್ಯೂಮಿನಿಯಂ ಇರುವ ದಪ್ಪ ತಳದ್ದು ಒಳ್ಳೆಯದು. ಅಲ್ಯೂಮಿನಿಯಂ ಕುಕ್ಕರಿಗೆ ಸ್ಟೀಲ್ ತಟ್ಟೆ ಒತ್ತಿದ ಇಂಡಕ್ಷನ್ ತಳವೂ ನಡೆಯುತ್ತದೆ, ಆದರೆ ನೀರು ಕಡಿಮೆ ಹಾಕಿ ಒಂದು ಸಲ ಒಣಗಿಸಿದರೆ ತಳ ಉಬ್ಬುತ್ತದೆ. ಉಬ್ಬಿದ ಕುಕ್ಕರ್ ಗಾಜಿನ ಮೇಲೆ ಬುಗುರಿಯಂತೆ ತಿರುಗುತ್ತದೆ. ತಳ ಚಪ್ಪಟೆ ಇದೆಯೇ ಎಂದು ನೋಡಲು ಸ್ಟೀಲ್ ಸ್ಕೇಲನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ, ಒಂದೆರಡು ಮಿ.ಮೀ.ಗಿಂತ ಹೆಚ್ಚು ಸಂದಿ ಕಂಡರೆ ಆ ಪಾತ್ರೆ ಗ್ಯಾಸಿಗಿರಲಿ. ಇಂಡಕ್ಷನ್ ಮೇಲೆ ಕುಕ್ಕರಿಗೆ ಪೂರ್ತಿ 1800 ಬೇಡ. 1200–1400ರಲ್ಲಿ ಮೊದಲ ವಿಷಲ್ ಬರುವವರೆಗೆ, ಆಮೇಲೆ 400ಕ್ಕೆ ಇಳಿಸಿ, ವಿಷಲ್ ಎಣಿಸದೆ ನಿಮಿಷ ಎಣಿಸಿ: ತೊಗರಿಬೇಳೆಗೆ ಎಂಟರಿಂದ ಹತ್ತು, ಸೋನಾಮಸೂರಿಗೆ ನಾಲ್ಕೈದು. ಒತ್ತಡ ಏರಿದ ಮೇಲೆ ಸುಯ್ಯೆಂದು ಹೋಗುವ ಆವಿಯೆಲ್ಲ ವ್ಯರ್ಥ ದುಡ್ಡು, ಗ್ಯಾಸಾದರೂ ಅಷ್ಟೆ. ಇಂಡಕ್ಷನ್‌ಗೆ ಟೈಮರ್ ಇದೆ ಅನ್ನುವುದೇ ಇಲ್ಲಿ ದೊಡ್ಡ ಲಾಭ. ಕುಕ್ಕರ್ ಇಟ್ಟು, ನಿಮಿಷ ಒತ್ತಿ, ಸ್ನಾನಕ್ಕೆ ಹೋಗಬಹುದು. ಗ್ಯಾಸಿನಲ್ಲಿ ಈ ಧೈರ್ಯ ಮಾಡಬಾರದು.

ಕರಾವಳಿಯ ಕುಚ್ಚಲಕ್ಕಿ ಮುಕ್ಕಾಲು ಗಂಟೆ ಬೇಯುವಂಥದ್ದು. ಅದಕ್ಕೆ ಎರಡೂ ಒಲೆಗಿಂತ ದೊಡ್ಡ ಮಿತ್ರ ಅಲ್ಲಿನ ಮನೆಗಳಲ್ಲಿರುವ ಥರ್ಮಲ್ ಕುಕ್ಕರ್. ಹದಿನೈದಿಪ್ಪತ್ತು ನಿಮಿಷ ಕುದಿಸಿ ಪಾತ್ರೆಯನ್ನು ಆ ಡಬ್ಬಿಯೊಳಗೆ ಇಳಿಸಿ ಮುಚ್ಚಿದರೆ ಮಿಕ್ಕದ್ದು ತಾನೇ ಆಗುತ್ತದೆ.

ಈಗ ಇಂಡಕ್ಷನ್ ಸೋಲುವ ಜಾಗ. ಒಗ್ಗರಣೆ ಸೌಟಿನ ಬಾಯಿ ಎಂಟು ಹತ್ತು ಸೆಂ.ಮೀ., ತಳ ಉರುಟು. ಸಾಮಾನ್ಯ ಟೇಬಲ್‌ಟಾಪ್ ಇಂಡಕ್ಷನ್ ಪಾತ್ರೆ ಇದೆ ಅಂತ ಒಪ್ಪಿಕೊಳ್ಳಲು ತಳ ಸುಮಾರು 12 ಸೆಂ.ಮೀ. ಅಗಲ ಬೇಕು. ಸೌಟು ಇಟ್ಟರೆ ಬೀಪ್ ಬೀಪ್ ಎಂದು ಹೊಡೆದುಕೊಂಡು ಆಫ್ ಆಗುತ್ತದೆ. ಅಗಲ ತಳದ ಬಾಣಲೆಯಲ್ಲಿ ಒಗ್ಗರಣೆ ಮಾಡಬಹುದಲ್ಲ ಅಂದರೆ, ಎರಡು ಚಮಚ ಎಣ್ಣೆ ಅಷ್ಟು ಅಗಲಕ್ಕೆ ಹರಡಿ ತೆಳುವಾಗುತ್ತದೆ. ಸಾಸಿವೆ ಸಿಡಿಯುವಷ್ಟರಲ್ಲಿ ಇಂಗು ಕರಕಲು. ಬಾಣಲೆಯನ್ನು ಓರೆ ಮಾಡಿ ಎಣ್ಣೆ ಒಂದು ಮೂಲೆಗೆ ತರೋಣವೆಂದರೆ ತಳ ಎದ್ದ ಕೂಡಲೇ ಶಾಖ ನಿಲ್ಲುತ್ತದೆ. ಇದಕ್ಕೆ ಉಪಾಯ: ಕೊನೆಗೆ ಹಾಕುವ ಒಗ್ಗರಣೆಯನ್ನು ಮೊದಲಿಗೆ ತರುವುದು, ಅಂದರೆ ಸಾರಿನ ಪಾತ್ರೆಯಲ್ಲೇ 600 ವ್ಯಾಟಿನಲ್ಲಿ ಒಗ್ಗರಣೆ ಮಾಡಿ ಅದರ ಮೇಲೆ ಸಾರು ಹುಯ್ಯುವುದು. ಪರಿಮಳ ಸ್ವಲ್ಪ ಕುದಿದು ಹೋಗುತ್ತದೆ. ಕೋಸಂಬರಿ, ಮೊಸರನ್ನ, ಚಟ್ನಿಗೆ ಈ ಉಪಾಯವೂ ನಡೆಯದು. ಅಲ್ಲಿ ಗ್ಯಾಸೇ ಬೇಕು.

ಮುದ್ದೆ ಇನ್ನೊಂದು. ಒಂದು ಲೋಟ ರಾಗಿಹಿಟ್ಟಿಗೆ ಎರಡು ಲೋಟದ ಮೇಲೆ ತುಸು ನೀರು. ಹಿಟ್ಟು ಬೆಂದ ಮೇಲೆ ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿದು ಮುದ್ದೆ ಕೋಲಿನಿಂದ ತಿರುವುವುದು ಮೈಬಲದ ಕೆಲಸ. ನುಣುಪು ಗಾಜಿನ ಮೇಲೆ ಪಾತ್ರೆ ಜಾರುತ್ತದೆ, ಒತ್ತಿದರೆ ಗಾಜಿಗೇ ಭಾರ. ನೀರು, ನುಚ್ಚು, ಹಿಟ್ಟು ಕುದಿಯುವವರೆಗೆ ಇಂಡಕ್ಷನ್ ಮೇಲಿರಲಿ. ತಿರುವಲು ಪಾತ್ರೆಯನ್ನು ನೆಲಕ್ಕೆ, ಒದ್ದೆ ಗೋಣಿತಾಟಿನ ಮೇಲೆ ಇಳಿಸಿಕೊಳ್ಳಿ. ಜೋಳದ ರೊಟ್ಟಿಯನ್ನು ಹಂಚಿನ ಮೇಲೆಯೇ ಬಟ್ಟೆಯಲ್ಲಿ ಒತ್ತಿ ಉಬ್ಬಿಸಬಹುದು, ಉರಿಯಲ್ಲಿ ಸುಟ್ಟ ಅಂಚಿನ ರುಚಿ ಬರುವುದಿಲ್ಲ. ಬದನೆಕಾಯಿ ಸುಡುವುದಕ್ಕಂತೂ ದಾರಿಯೇ ಇಲ್ಲ.

ದೋಸೆಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಲ್ಲಿ ಆಗುವ ತಪ್ಪು ಒಲೆಯದ್ದಷ್ಟೇ ಅಲ್ಲ. ಬೀಡಿನ ಕಾವಲಿ 26–28 ಸೆಂ.ಮೀ. ಅಗಲ, ಇಂಡಕ್ಷನ್ನಿನ ಸುರುಳಿ ಹದಿನೆಂಟು ಇಪ್ಪತ್ತು, ಅದೂ ನಡುವೆ ಖಾಲಿ ಇರುವ ಉದ್ದಿನ ವಡೆಯ ಆಕಾರ. ಶಾಖ ಹುಟ್ಟುವುದು ಆ ಬಳೆಯಲ್ಲಿ ಮಾತ್ರ. ಬೀಡು ಶಾಖವನ್ನು ಪಕ್ಕಕ್ಕೆ ನಿಧಾನವಾಗಿ ಹಂಚುವ ಲೋಹ. ಆತುರಕ್ಕೆ 1600 ಒತ್ತಿದರೆ ಬಳೆಯ ಜಾಗ ಮಾತ್ರ ಕಾದು, ದೋಸೆಯ ಮೇಲೆ ಕಂದು ಚಕ್ರ, ನಡುವೆಯೂ ಅಂಚಿನಲ್ಲೂ ಬಿಳಿ ಹಿಟ್ಟು. ತೆಳು ಕಾವಲಿಯಾದರೆ ಒಂದೇ ಬೆಳಗ್ಗೆಯಲ್ಲಿ ಬಾಗುತ್ತದೆ. ಮಾಡಬೇಕಾದದ್ದು: 400–500ರಲ್ಲಿ ಏಳೆಂಟು ನಿಮಿಷ ಸುಮ್ಮನೆ ಬಿಡಿ. ಅಂಚಿಗೆ ನೀರು ಚಿಮುಕಿಸಿದರೆ ಅಲ್ಲಿಯೂ ಚುರ್ ಅನ್ನಬೇಕು, ನಡುವೆ ಮಾತ್ರ ಚುರ್ ಅಂದರೆ ಸಾಲದು. ಆಮೇಲೆ 1000ಕ್ಕೆ ಏರಿಸಿ, ಅರ್ಧ ಈರುಳ್ಳಿಯಿಂದ ಎಣ್ಣೆ ಸವರಿ ಹಿಟ್ಟು ಹರಡಿ. ಕಾವಲಿಯನ್ನು ತಿರುಗಿಸಿ ಫಲವಿಲ್ಲ, ಬಳೆ ಉರುಟಾಗಿಯೇ ಇರುತ್ತದೆ. ಎರಡು ದೋಸೆಗೊಮ್ಮೆ ಎರಡು ಬೆರಳಷ್ಟು ಆ ಕಡೆ ಈ ಕಡೆ ಎತ್ತಿ ಸರಿಸಬೇಕು. ಮೂರನೆಯದೋ ನಾಲ್ಕನೆಯದೋ ದೋಸೆ ಇದ್ದಕ್ಕಿದ್ದಂತೆ ಪೇಲವವಾದರೆ ಹಿಟ್ಟನ್ನು ಬೈಯಬೇಡಿ. ಗಾಜಿನ ನಡುಮಧ್ಯ, ಕೆಳಗೆ, ಸ್ಪ್ರಿಂಗಿನಿಂದ ಒತ್ತಿಕೊಂಡಿರುವ ಉಷ್ಣ ಸೆನ್ಸರ್ ಕಾವಲಿ ಅತಿಯಾಗಿ ಕಾದಿದೆ ಅಂತ ತಿಳಿದು ಶಕ್ತಿ ಇಳಿಸಿರುತ್ತದೆ. ಒಂದು ಮೆಟ್ಟಿಲು ಕಡಿಮೆ ಇಟ್ಟುಕೊಂಡರೆ ಅದು ಸುಮ್ಮನಿರುತ್ತದೆ. ಇಷ್ಟೆಲ್ಲ ಮಾಡಿಯೂ, ಎಂಟು ಜನರಿಗೆ ದೋಸೆ ಹುಯ್ಯುವ ಭಾನುವಾರ ಗ್ಯಾಸೇ ಸರಿ.

ಪಾಕದ ತಿಂಡಿಗಳಲ್ಲಿ ಇನ್ನೊಂದು ಗುಟ್ಟು ಬಯಲಾಗುತ್ತದೆ. ಅಗ್ಗದ ಇಂಡಕ್ಷನ್‌ಗಳಿಗೆ ಸಣ್ಣ ಉರಿ ಎಂಬುದೇ ಇಲ್ಲ. 300 ವ್ಯಾಟ್ ಒತ್ತಿದರೆ ಅದು 300 ವ್ಯಾಟಿನಲ್ಲಿ ಓಡುವುದಿಲ್ಲ; ಕೆಲವು ಸೆಕೆಂಡು ಎಂಟುನೂರೋ ಸಾವಿರವೋ ವ್ಯಾಟಿನಲ್ಲಿ ಓಡಿ, ಮತ್ತೆ ಕೆಲವು ಸೆಕೆಂಡು ಪೂರ್ತಿ ನಿಂತು, ಸರಾಸರಿ 300 ಮಾಡುತ್ತದೆ. ಒಂದು ಲೋಟ ನೀರಿಟ್ಟು ನೋಡಿದರೆ ಕಣ್ಣಿಗೇ ಕಾಣುತ್ತದೆ: ಗುಳುಗುಳು, ಮೌನ, ಮತ್ತೆ ಗುಳುಗುಳು. ಸಾರಿಗೆ ಇದು ಲೆಕ್ಕಕ್ಕಿಲ್ಲ. ಮೈಸೂರು ಪಾಕಿಗೆ ಒಂದೆಳೆ ಪಾಕ ಹಿಡಿಯುವಾಗ ಆ ಕೆಲವು ಸೆಕೆಂಡಿನಲ್ಲಿ ಎಳೆ ಎರಡಾಗಿಬಿಡುತ್ತದೆ. ತಳ ದಪ್ಪ ಇರುವ ಬಾಣಲೆ ಈ ಏರಿಳಿತವನ್ನು ಸ್ವಲ್ಪ ನುಂಗುತ್ತದೆ. ಅಂಗಡಿಯಲ್ಲಿ ಕೊಳ್ಳುವ ಮೊದಲೇ ಈ ನೀರಿನ ಪರೀಕ್ಷೆ ಮಾಡಿಸಿ ನೋಡಿ. ಎಷ್ಟು ವ್ಯಾಟಿನವರೆಗೆ ನಿಲ್ಲದೆ ಕುದಿಯುತ್ತದೋ ಅದೇ ಆ ಒಲೆಯ ನಿಜವಾದ ಸಣ್ಣ ಉರಿ. ಡಬ್ಬದ ಮೇಲೆ ಬರೆದಿರುವ ಹೋಳಿಗೆ, ಹಾಲು, ಕರಿ ಬಟನ್ನುಗಳನ್ನು ನೋಡಿ ಯಾರೂ ಮರುಳಾಗಬಾರದು. ಬೇಕಾದ್ದು ತಾಮ್ರದ ಸುರುಳಿ, ಒದ್ದೆ ಕೈಗೂ ಕೇಳುವ ಒತ್ತುವ ಬಟನ್ನು, ಐಎಸ್‌ಐ ಗುರುತು, ಊರಲ್ಲೇ ರಿಪೇರಿ.

ಇಂಡಕ್ಷನ್ ಎಷ್ಟೋ ಸಲ ಸಾಯುವುದು ಜಿರಲೆಯಿಂದ. ಕೆಳಗಿನ ಫ್ಯಾನ್ ಗಾಳಿ ಎಳೆಯುವ ಜಾಗ ಬೆಚ್ಚಗೆ, ಕತ್ತಲೆ, ಎಣ್ಣೆಜಿಡ್ಡಿನ ವಾಸನೆ. ಜಿರಲೆಗೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಅದು ಸರ್ಕೀಟಿನ ಮೇಲೆ ಓಡಾಡಿ ಶಾರ್ಟ್ ಆದರೆ ಫ್ಯೂಸೂ ಐಜಿಬಿಟಿ ಎಂಬ ಸ್ವಿಚ್ಚೂ ಒಟ್ಟಿಗೆ ಹೋಗುತ್ತವೆ. ಬರೀ ಫ್ಯೂಸ್ ಬದಲಿಸಿ ಹಾಕಿದರೆ ಅದೂ ಆ ಕ್ಷಣವೇ ಹಾರುತ್ತದೆ. ಗೋಡೆಯಿಂದ ಒಂದು ಗೇಣು ದೂರ ಇಡಿ, ಗ್ಯಾಸ್ ಒಲೆಯ ಪಕ್ಕಕ್ಕೇ ತಾಗಿಸಬೇಡಿ, ರಾತ್ರಿ ಒರೆಸಿ ಶೆಲ್ಫಿನ ಮೇಲೆ ನಿಲ್ಲಿಸಿ. ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸದೆ ಒಂದು ನಿಮಿಷ ಫ್ಯಾನ್ ಓಡಲು ಬಿಡಿ. ಮಲೆನಾಡಿನಲ್ಲಿ ಗುಡುಗು ಶುರುವಾದರೆ ಪ್ಲಗ್ಗೇ ಕಿತ್ತಿಡಿ. ಗೃಹಪ್ರವೇಶಕ್ಕೆ ಹಾಲು ಉಕ್ಕಿಸುವುದು ಇಂಡಕ್ಷನ್ ಮೇಲೂ ಆಗುತ್ತದೆ. ಆದರೆ ಉಕ್ಕಿದ ಹಾಲು ಟಚ್ ಬಟನ್ನಿನ ಮೇಲೆ ಹರಿದರೆ ಒಲೆ ಗಾಬರಿಯಾಗಿ ಕೂಗಿಕೊಳ್ಳುತ್ತದೆ, ಅದನ್ನು ಅಪಶಕುನ ಅನ್ನುವ ಹಿರಿಯರು ಇದ್ದರೆ ಗ್ಯಾಸಿನ ಮೇಲೆಯೇ ಉಕ್ಕಿಸಿಬಿಡಿ.

ಇಂಡಕ್ಷನ್ ಪರವಾಗಿ ಒಂದು ಮಾತನ್ನು ಬಯಲುಸೀಮೆಯವರು ಮಾತ್ರ ಹೇಳಬಲ್ಲರು: ಅಡುಗೆ ಮಾಡುವಾಗ ಫ್ಯಾನ್ ಹಾಕಬಹುದು. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಉರಿಯ ಮುಂದೆ ಫ್ಯಾನಿಲ್ಲದೆ ನಿಲ್ಲುವುದೇ ಶಿಕ್ಷೆ. ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಗ್ಯಾಸ್ ಉರಿ ನೈಟ್ರೋಜನ್ ಡೈಆಕ್ಸೈಡನ್ನೂ ಬಿಡುತ್ತದೆ. ಅಸ್ತಮಾ ಇರುವವರ ಮನೆಯಲ್ಲಿ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಮಾತ್ರ ಇಂಡಕ್ಷನ್ ಕೊಳ್ಳುವ ಮೊದಲು ವೈದ್ಯರನ್ನು ಕೇಳಲಿ.

ಹಾಗಂತ ಗ್ಯಾಸ್ ಸಂಪರ್ಕ ಕೈಬಿಡುವ ಮಾತೇ ಬೇಡ. ಆಗುಂಬೆ, ಮಡಿಕೇರಿ ಕಡೆ ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದಿರುವುದು ಹೊಸದಲ್ಲ. ಮನೆಯ ಇನ್ವರ್ಟರ್ ದೀಪ, ಫ್ಯಾನಿಗಷ್ಟೆ. 850 ವಿಎ ಇನ್ವರ್ಟರಿನಿಂದ 1800 ವ್ಯಾಟ್ ಎಳೆಯಲಾಗದು. ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ 170ಕ್ಕೆ ಇಳಿದರೆ ಇಂಡಕ್ಷನ್ ಎರರ್ ತೋರಿಸಿ ಕೂತುಬಿಡುತ್ತದೆ. ಶಿರಸಿ, ಸಿದ್ದಾಪುರದ ಕೊಟ್ಟಿಗೆಯ ಗೋಬರ್ ಗ್ಯಾಸ್ ಇರುವ ಮನೆಗೆ ಈ ಬರಹವೇ ಬೇಕಾಗಿಲ್ಲ.

ಉಳಿಸಿಕೊಂಡ ಗ್ಯಾಸನ್ನು ಸರಿಯಾಗಿ ಇಟ್ಟುಕೊಳ್ಳಬೇಕು. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದರೆ ನೆಲದಲ್ಲಿ ಹರಡಿಕೊಳ್ಳುತ್ತದೆ. ಕಿಟಕಿ ಸಾಲದು, ಸಿಲಿಂಡರ್ ಇರುವ ಕಟ್ಟೆಯ ಕೆಳಗೆ ನೆಲಮಟ್ಟದಲ್ಲೂ ಗಾಳಿ ಹೋಗುವ ಕಿಂಡಿ ಬೇಕು. ಬಾಗಿಲು ಹಾಕಿದ ಮಾಡ್ಯುಲರ್ ಕ್ಯಾಬಿನೆಟ್ಟಿನೊಳಗೆ ಸಿಲಿಂಡರ್ ಇಡುವ ವಿನ್ಯಾಸವನ್ನು ಯಾರು ಶುರುಮಾಡಿದರೋ. ಕಿತ್ತಳೆ ಬಣ್ಣದ ಸುರಕ್ಷಾ ಪೈಪಿಗೆ ಐದು ವರ್ಷ ಆಯಸ್ಸು, ಅದರ ಮೈಮೇಲೆಯೇ ಅಚ್ಚಾಗಿರುತ್ತದೆ. ಸಿಲಿಂಡರ್ ಬಂದಾಗ ಕೊರಳ ಪಟ್ಟಿಯ ಒಳಮೈ ನೋಡಿ: ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಜೂನ್‌ವರೆಗೆ, ಸಿ ಸೆಪ್ಟೆಂಬರ್‌ವರೆಗೆ, ಡಿ ಡಿಸೆಂಬರ್‌ವರೆಗೆ. ಸಿ-28 ಅಂದರೆ 2028ರ ಸೆಪ್ಟೆಂಬರ್ ಒಳಗೆ ಮರುಪರೀಕ್ಷೆಯಾಗಬೇಕು. ದಿನ ಮೀರಿದ್ದನ್ನು ತೆಗೆದುಕೊಳ್ಳಬೇಡಿ. ರೆಗ್ಯುಲೇಟರ್ ಕೂರುವ ವಾಲ್ವಿನೊಳಗಿನ ಕಪ್ಪು ರಬ್ಬರ್ ಉಂಗುರ ಹರಿದಿದ್ದರೆ ಸೋರಿಕೆ ಅಲ್ಲಿಂದಲೇ, ಸೋಪುನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ವಾಸನೆ ಬಂದರೆ ಸ್ವಿಚ್ ಹಾಕಬೇಡಿ, ಹಾಕಿದ್ದನ್ನು ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಬರ್ನರ್ ಮುಚ್ಚಳವನ್ನು ಹುಣಸೆ ನೀರಿನಲ್ಲಿ ನೆನೆಸಿ ಬ್ರಷ್ಷಿನಲ್ಲಿ ತಿಕ್ಕಿ, ಪೂರ್ತಿ ಒಣಗಿಸಿ ಹಾಕಿ. ಒಳಗಿನ ಜೆಟ್ಟಿಗೆ ಸೂಜಿ ಹಾಕಿ ಅಗಲ ಮಾಡಿದರೆ ಹಳದಿ ಉರಿ ಶಾಶ್ವತವಾಗುತ್ತದೆ. ಹೊಸ ಒಲೆ ಕೊಳ್ಳುವುದಾದರೆ ಹಿತ್ತಾಳೆ ಬರ್ನರಿನ, ಸ್ಟೀಲ್ ಮೈಯ, ಎರಡೇ ಬರ್ನರಿನದು ಸಾಕು. ಗಾಜಿನ ಮೈ ನೋಡಲು ಚೆಂದ, ದೊಡ್ಡ ಪಾತ್ರೆಯ ಶಾಖ ಕೆಳಕ್ಕೆ ಹೊಡೆದು ಚೂರಾದ ದಿನ ಚೆಂದ ಕಾಣುವುದಿಲ್ಲ. ಮೂರನೆಯ ಬರ್ನರ್ ಇಡುವ ಜಾಗದಲ್ಲಿ ಇಂಡಕ್ಷನ್ ಇರಲಿ.

ಹಂಚಿಕೆ ಸರಿಹೋಯಿತೇ ಎಂದು ತಿಳಿಯಲು ಒಂದು ತಕ್ಕಡಿ ಸಾಕು. ಸಿಲಿಂಡರಿನ ಮೇಲೆ ಖಾಲಿ ತೂಕ ಬರೆದಿರುತ್ತದೆ, ಹದಿನೈದರಿಂದ ಹದಿನೇಳು ಕೆ.ಜಿ.ಯ ಒಳಗೆ. ಒಂದು ವಾರ ಎಲ್ಲ ಅಡುಗೆಯನ್ನೂ ಗ್ಯಾಸಿನಲ್ಲೇ ಮಾಡಿ, ವಾರದ ಶುರುವಿನಲ್ಲೂ ಕೊನೆಯಲ್ಲೂ ಸಿಲಿಂಡರನ್ನು ತೂಗಿ, ಮೀಟರ್ ರೀಡಿಂಗೂ ಬರೆದಿಡಿ. ಮುಂದಿನ ವಾರ ಅನ್ನ, ಬೇಳೆ, ಹಾಲು, ಇಡ್ಲಿ ಇಂಡಕ್ಷನ್‌ಗೆ ಹಾಕಿ ಮತ್ತೆ ತೂಗಿ. ಉಳಿದ ಪ್ರತಿ ಕೆ.ಜಿ. ಗ್ಯಾಸಿಗೆ ಮೀಟರ್ ಒಂಬತ್ತು ಒಂಬತ್ತೂವರೆ ಯೂನಿಟ್ ಹೆಚ್ಚು ಓಡಿದ್ದರೆ ಎಲ್ಲ ಸರಿಯಿದೆ. ಹನ್ನೊಂದು ಹನ್ನೆರಡು ಓಡಿದ್ದರೆ, ಗೀಸರಿನ ಬಳಕೆ ಆ ವಾರ ಏರಿಲ್ಲವೆಂದು ಖಾತ್ರಿ ಮಾಡಿಕೊಂಡು, ಅಯಸ್ಕಾಂತವನ್ನೂ ಸ್ಟೀಲ್ ಸ್ಕೇಲನ್ನೂ ಹಿಡಿದು ಮತ್ತೆ ಪಾತ್ರೆಗಳ ತಳ ನೋಡಲು ಕೂರಿ. ಮೊದಲು ಕುಕ್ಕರಿನದು.